ಗೊತ್ತಿದ್ದವನ ಅಪರಾಧ

ಇಪ್ಪತ್ತಾರು ವರ್ಷ ಲಿಫ್ಟ್ ರಿಪೇರಿ ಮಾಡಿದವನನ್ನು ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ. ಕೆಟ್ಟ ಲಿಫ್ಟ್ ಕಂಡರೆ ಫ್ಯೂಸ್ ಕಿತ್ತು ಜೇಬಿಗಿಳಿಸಿ, ಕಾರಣವನ್ನು ದಪ್ಪ ಅಕ್ಷರದಲ್ಲಿ ರಿಜಿಸ್ಟರಿನಲ್ಲಿ ಬರೆದು, ಮ್ಯಾನೇಜರ್ ಸಹಿ ಹಾಕುವವರೆಗೆ ಕದಲುವ ಆಸಾಮಿಯಲ್ಲ.

ಆ ಐದಂತಸ್ತಿನ ಕಟ್ಟಡದಲ್ಲೂ ಹಾಗೇ ಮಾಡಿದ. ಮೂರನೇ ಮಹಡಿಯ ಬಾಗಿಲಿನ ಬೀಗ ಸವೆದು, ಲಿಫ್ಟ್ ಬರದಿದ್ದರೂ ಬಾಗಿಲು ತೆರೆದುಕೊಳ್ಳುತ್ತಿತ್ತು. 'ಹೀಗೇ ಓಡಿಸಿದರೆ ಯಾರಾದರೂ ಸಾಯುತ್ತಾರೆ' ಎಂದು ಬರೆದ. ಮ್ಯಾನೇಜರ್ ಸಾಹೇಬರು ಫೋನಿನಲ್ಲಿ ಮಾತಾಡುತ್ತಲೇ ಸಹಿ ಗೀಚಿದರು. ಮಾರನೇ ದಿನ ಬಾಡಿಗೆದಾರರು ಮೆಟ್ಟಿಲು ಹತ್ತಿ ಸಾಕಾಗಿ ಕೂಗಾಡಿದರು. ಹೊಸ ಬೀಗ ಬರುವವರೆಗೆ ಓಡಿಸು, ಇಲ್ಲದಿದ್ದರೆ ಬೇರೆಯವನನ್ನು ಕರೆಸುತ್ತೇನೆ ಎಂದರು ಸಾಹೇಬರು. ಲಿಫ್ಟಣ್ಣ ತಾನು ಬರೆದ ಸಾಲನ್ನು ಅವರಿಗೆ ಓದಿ ಹೇಳಿದ, ಆಮೇಲೆ ಹಲ್ಲು ಕಚ್ಚಿಕೊಂಡು ಫ್ಯೂಸ್ ಹಾಕಿದ. ಎರಡು ದಿನ ಕಳೆದ ಮೇಲೆ, ಮುಖ ಮುಚ್ಚುವಷ್ಟು ದೊಡ್ಡ ಬಟ್ಟೆಗಂಟು ಅಪ್ಪಿಕೊಂಡಿದ್ದ ಇಸ್ತ್ರಿಯವಳು ಆ ಬಾಗಿಲು ತೆರೆದು ಕಾಲಿಟ್ಟಳು. ಒಳಗೆ ಲಿಫ್ಟ್ ಇರಲಿಲ್ಲ.

ಈಗ ಕಾನೂನಿನ ಚಂದ ನೋಡಿ. ಸಾವು ಬರಬಹುದೆಂದು ತಿಳಿದೂ ಮಾಡಿದರೆ ನರಹತ್ಯೆ, ಹತ್ತು ವರ್ಷದವರೆಗೆ ಜೈಲು. ತಿಳಿಯದೆ, ಬರೀ ಅಜಾಗರೂಕತೆಯಿಂದ ಆದರೆ ಎರಡೇ ವರ್ಷ. ಮ್ಯಾನೇಜರರು ಆ ಸಾಲನ್ನು ತಾವು ಓದಿಯೇ ಇರಲಿಲ್ಲ ಎಂದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು, ಪೊಲೀಸರೂ ಕಣ್ಣು ಮುಚ್ಚಿಕೊಂಡರು. ಸಣ್ಣ ಆರೋಪ, ಅಂದೇ ಜಾಮೀನು. ಎಚ್ಚರಿಸಿದವನಿಗೆ ಮಾತ್ರ ನರಹತ್ಯೆ. ಅವನಿಗೆ ಗೊತ್ತಿತ್ತು ಎನ್ನುವುದಕ್ಕೆ ಸಾಕ್ಷಿ ಅವನೇ ಬರೆದ ಸಾಲು. ಬಾಯಿ ಹೊಲಿದುಕೊಂಡಿದ್ದರೆ ಎರಡು ವರ್ಷದಲ್ಲಿ ಮುಗಿಯುತ್ತಿತ್ತು. ಇದನ್ನು ಕೇಳಿಯೂ ಮೈ ಉರಿಯದವರ ಮೈಯಲ್ಲಿ ರಕ್ತವೇ ಇಲ್ಲ.

ವಕೀಲರಮ್ಮ ದಾರಿ ತೋರಿಸಿದರು. ಆ ಸಾಲು ಸುಮ್ಮನೆ ಹೆದರಿಸಲು ಬರೆದದ್ದು ಎನ್ನಬೇಕು. ಫ್ಯೂಸ್ ಹಾಕುವ ಮುಂಚೆ ಅದನ್ನು ಮ್ಯಾನೇಜರರಿಗೆ ಓದಿ ಹೇಳಿದ ಸಂಗತಿಯನ್ನಂತೂ ಎತ್ತಲೇಬಾರದು, ಅದು ಅವನಿಗೇ ಉರುಳಾಗುತ್ತದೆ. ಹೆಂಡತಿ ಜೈಲಿನ ಜಾಲರಿ ಹಿಡಿದು ಬೇಡಿಕೊಂಡಳು.

"ಅವರು ಹೇಳಿದ ಹಾಗೇ ಹೇಳ್ಬಿಡಿ ರೀ. ಹತ್ತು ವರ್ಷ ನಾನು ಯಾರ ಮುಖ ನೋಡ್ಕೊಂಡಿರ್ಲಿ?"

ಅವನು ಹೂಂ ಎಂದ. ಮನಸಾರೆಯೇ ಎಂದ.

ಕೋರ್ಟಿನಲ್ಲಿ ನ್ಯಾಯಾಧೀಶರು ಆರೋಪ ಓದಿ, ಏನು ಹೇಳುವುದಿದೆ ಎಂದು ಕೇಳಿದರು. ಪಕ್ಕದಲ್ಲಿ ಮ್ಯಾನೇಜರರು ಆಕಳಿಸುತ್ತಿದ್ದರು. ಲಿಫ್ಟಣ್ಣನ ಪಿತ್ತ ನೆತ್ತಿಗೇರಿತು.

"ಗೊತ್ತಿತ್ತು ಸ್ವಾಮಿ. ಬರೆದಿದ್ದೂ ನಾನೇ, ಆಮೇಲೆ ಫ್ಯೂಸ್ ಹಾಕಿದ್ದೂ ನಾನೇ. ಆದ್ರೆ ಹಾಕೋ ಮುಂಚೆ ಇವರಿಗೆ ಎರಡು ಸಲ ಓದಿ ಹೇಳ್ದೆ. 'ಸತ್ತಾಗ ನೋಡ್ಕೊಳ್ಳೋಣ' ಅಂದ್ರು. ವಾಚ್‌ಮನ್ ಅಲ್ಲೇ ಇದ್ದ, ಕೇಳಿ."

ಮುಂದಿನ ವಾಯಿದೆಗೆ ವಾಚ್‌ಮನ್ ಬಂದ. ನೆಲ ನೋಡುತ್ತ ಹೌದೆಂದ. ಮ್ಯಾನೇಜರರ ಮೇಲೂ ನರಹತ್ಯೆಯ ಆರೋಪ ಬಿತ್ತು, ಜಾಮೀನು ರದ್ದಾಯಿತು. ಹೆಂಡತಿ ಗಂಡನ ಮುಖ ನೋಡದೆ ಎದ್ದು ಹೋದಳು.

ಇಬ್ಬರನ್ನೂ ಒಂದೇ ವ್ಯಾನಿಗೆ ಹತ್ತಿಸುವಾಗ ಲಿಫ್ಟಣ್ಣನಿಗೆ ಒಂದು ಗಳಿಗೆ ಗೆದ್ದೆ ಅನ್ನಿಸಿತು. ಗೇಟಿನ ಹತ್ತಿರ ಸತ್ತವಳ ಮಗಳು ನಿಂತಿದ್ದಳು. ಅವಳು ಮೊದಲು ಮ್ಯಾನೇಜರರನ್ನು ನೋಡಿದಳು, ಆಮೇಲೆ ಅವನನ್ನು. ಎರಡು ನೋಟಕ್ಕೂ ವ್ಯತ್ಯಾಸವಿರಲಿಲ್ಲ.