ಕುಡುಕನಿಗೆ ಹಚ್ಚಿದ ಊದಿನಕಡ್ಡಿ

ಇವತ್ತು ಬೆಳಿಗ್ಗೆ ಊದಿನಕಡ್ಡಿ ಹಚ್ಚಿದೆ. ಹೊಗೆ ಅಡುಗೆಮನೆ ಮುಟ್ಟುವುದರೊಳಗೆ ಮಗಳು ಸವಿತಾ ಕೇಳಿದಳು: "ಅವ್ವಾ, ಮತ್ತ ಯಾವ ಕುಡುಕಗ ಪೂಜಿ ನಡಿಸೀದಿ?"

ನಗುವ ಮಾತೇ. ನನಗೆ ಮಾತ್ರ ಇನ್ನೂ ನಗು ಬರುವುದಿಲ್ಲ.

ಈಗ ನಾವಿಬ್ಬರೂ ಸಿಡ್ನಿಯ ಪ್ಯಾರಮಟ್ಟಾದ ಫ್ಲ್ಯಾಟಿನಲ್ಲಿದ್ದೇವೆ. ಆ ಕುಡುಕನಿಗೆ ಪೂಜೆ ಮಾಡಿದ್ದು ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ, ಅಳಿಯನ ಹೊಸ ಮನೆಯಲ್ಲಿ. ನಾನು ಧಾರವಾಡದಿಂದ ಬಂದಿಳಿದ ಮರುದಿನ ನೋಡುತ್ತೇನೆ, ಊಟದ ಮೇಜಿನ ಹಿಂದೆ ಗೋಡೆ ತುಂಬ ಚಿತ್ರ. ಕಾಡು. ನಡುವೆ ದೊಡ್ಡ ಹೊಟ್ಟೆಯವನೊಬ್ಬ ತಲೆಗೆ ಎಲೆ ಸುತ್ತಿಕೊಂಡು ಬರಿಮೈಯಲ್ಲಿ ಕುಣಿಯುತ್ತಿದ್ದಾನೆ. ಸುತ್ತ ಆಡಿನ ಕಾಲಿನವರು ಕೊಳಲೂದುತ್ತಿದ್ದಾರೆ. ನಾನು ಓದಿದ್ದು ಮೂರನೆಯ ಇಯತ್ತೆ. ನೀವೇ ಹೇಳಿ, ಏನೆಂದುಕೊಳ್ಳಬೇಕಿತ್ತು? ಎಲೆ ಬಿಲ್ವಪತ್ರಿ, ಕುಣಿಯುವವನು ಈಶ್ವರ, ಉಳಿದವರು ಶಿವಗಣ. ಊದಿನಕಡ್ಡಿ ಹಚ್ಚಿ, ಚೌಕಟ್ಟಿಗೆ ವಿಭೂತಿ ಬಳಿದು ಕೈಮುಗಿದೆ.

ಆ ಶನಿವಾರ ಮಧ್ಯಾಹ್ನ ಅಳಿಯ ಗೆಳೆಯರೆದುರು ಇದನ್ನೇ ಹೇಳಿ ನಗಿಸಿದ. ಚಿತ್ರದಲ್ಲಿ ಕುಣಿಯುವವನು ಗ್ರೀಕರ ಹೆಂಡದ ದೇವರಂತೆ, ಕಾಡಿನಲ್ಲಿ ಅವನ ಪಾರ್ಟಿಯಂತೆ. "ಅತ್ತೀ, ಸುಮ್ನ ಎಂಜಾಯ್ ಮಾಡ್ರಿ. ಇದು ಆರ್ಟ್" ಎಂದ.

ಎಂಜಾಯ್ ಮಾಡಲೆಂದೇ ಹತ್ತಿರ ಹೋಗಿ ನೋಡಿದೆ. ಅವನು ಕುಣಿಯುತ್ತಿರಲಿಲ್ಲ, ಬೀಳುತ್ತಿದ್ದ. ಎರಡೂ ಕಡೆ ಇಬ್ಬರು ಹೆಣ್ಣುಮಕ್ಕಳು ರಟ್ಟೆ ಹಿಡಿದಿದ್ದರು. ಒಬ್ಬಳ ಬೆರಳುಗಳು ಅವನ ಕೊಬ್ಬಿನಲ್ಲಿ ಹೂತುಹೋಗಿದ್ದವು. ಆ ಭಾರ ನನಗೆ ಗೊತ್ತು. ನನ್ನ ಗಂಡನನ್ನೂ ಓಣಿಯವರು ಖುಷಿ ಮನುಷ್ಯ ಎನ್ನುತ್ತಿದ್ದರು. ಕುಡಿದು ಬಂದವನನ್ನು ಕಟ್ಟೆ ಹತ್ತಿಸಿ ಒಳಗೆ ತರುತ್ತಿದ್ದವಳು ನಾನು. ಚಿತ್ರ ಬರೆದವನಿಗೆ ಇದು ಕಂಡಿತ್ತು. ಗೋಡೆಗೆ ಹಾಕಿದವನಿಗೆ ಕಾಣಲಿಲ್ಲ.

ಗೆಳೆಯರು ಹೋದ ಮೇಲೆ ಅಳಿಯ ಕುಡಿದ ಅಮಲಿನಲ್ಲಿ ಅದೇ ಚಿತ್ರದ ಕೆಳಗೆ ಕುರ್ಚಿಯಿಂದ ಜಾರತೊಡಗಿದ. ಸವಿತಾ ಓಡಿಬಂದು ಒಂದು ರಟ್ಟೆ ಹಿಡಿದಳು. ಇನ್ನೊಂದು ರಟ್ಟೆಗೆಂದು ನನ್ನ ಮುಖ ನೋಡಿದಳು.

ನಾನು ಕೈ ಹಿಂದೆ ಕಟ್ಟಿಕೊಂಡೆ.

"ಕೈ ಬಿಡು" ಎಂದೆ.

"ಬೀಳ್ತಾನವ್ವಾ."

"ಬೀಳ್ಲಿ. ನೆಲಾ ಹಿಡೀತೈತಿ."

ಬಿಟ್ಟಳು. ಆಮೇಲೆ ಆ ಮನೆಯನ್ನೂ ಬಿಟ್ಟಳು.

ಇವತ್ತು ಊದಿನಕಡ್ಡಿ ಆರುವ ಮುಂಚೆ ಸವಿತಾಳ ಫೋನಿಗೆ ಅಳಿಯನದೊಂದು ಮೆಸೇಜ್ ಬಂತು. ಮನೆ ಮಾರುತ್ತಿದ್ದಾನಂತೆ, ಚಿತ್ರ ಬೇಕೇ ಅಂತ. ಸವಿತಾ ಬೇಡವೆಂದು ಬರೆಯಹೊರಟಿದ್ದಳು. ತರಿಸು ಎಂದೆ. ಆ ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲೇ ಯಾಕೆ ಬಿಡಬೇಕು? ನಡುವಿನವನನ್ನು ಕತ್ತರಿಸಿ ತೆಗೆದರಾಯಿತು.

"ಅವ್ವಾ, ಅದು ಆರ್ಟ್" ಎಂದಳು.

"ಕತ್ತರಿ ಎಲ್ಲಿಟ್ಟೀದಿ, ಅದನ್ ಹೇಳು" ಎಂದೆ.