ಹಾಫ್‌ಟೈಮ್‌ನಲ್ಲಿ ಸಿಕ್ಕ ಅಣ್ಣ

ನಮ್ಮ ಮನೆಗೆ ಫುಟ್‌ಬಾಲ್ ಹುಚ್ಚು ತಂದವಳು ನಾನು. ಕಾಲೇಜು ಟೀಮಿನಲ್ಲಿ ಆಡುತ್ತಿದ್ದೆ. ಕ್ರಿಕೆಟ್ ಬಿಟ್ಟರೆ ಬೇರೇನೂ ನೋಡದ ಅಣ್ಣನಿಗೆ ಆಫ್‌ಸೈಡ್ ಅಂದರೇನು ಅಂತ ಊಟದ ಟೇಬಲ್ ಮೇಲೆ ಲೋಟಗಳನ್ನಿಟ್ಟು ಹೇಳಿಕೊಟ್ಟಿದ್ದೆ. ಆಮೇಲೆ ಇಬ್ಬರಿಗೂ ಒಂದೇ ವಿದೇಶಿ ಕ್ಲಬ್ಬು ಅಚ್ಚುಮೆಚ್ಚು. ಮದುವೆಯಾಗಿ ಬನಶಂಕರಿಗೆ ಬಂದ ಮೇಲೂ ಆ ಕ್ಲಬ್ಬಿನ ಮ್ಯಾಚ್ ಇದ್ದರೆ ಅಮ್ಮ, ಅಣ್ಣ ಇರುವ ಜಯನಗರದ ತವರುಮನೆಗೆ ಹೋಗಿ, ಅವನ ಜೊತೆಯೇ ಕೂತು ನೋಡುತ್ತಿದ್ದೆ.

ಅದೇ ಕ್ಲಬ್ಬು ಬೆಂಗಳೂರಿಗೆ ಫ್ರೆಂಡ್ಲಿ ಮ್ಯಾಚ್ ಆಡಲು ಬರುತ್ತದೆಂದು ಗೊತ್ತಾದಾಗ ಮೊದಲು ಫೋನ್ ಮಾಡಿದ್ದು ಅಣ್ಣನಿಗೇ. ಟಿಕೆಟ್ ನಾನು ನೋಡ್ಕೋತೀನಿ, ನೀನು ತಲೆ ಕೆಡಿಸ್ಕೋಬೇಡ ಅಂದ. ಕೆಲವು ದಿನ ಬಿಟ್ಟು, ಎಲ್ಲಾ ಖಾಲಿಯಾಗಿದೆ ಅಂತ ಅವನೇ ಹೇಳಿದ. ದನಿ ಎಷ್ಟು ಸಪ್ಪಗಿತ್ತೆಂದರೆ ನಾನೇ ಸಮಾಧಾನ ಮಾಡಿದೆ. ಟಿವಿಯಲ್ಲೇ ನೋಡೋಣ, ಚಿತ್ರಾನ್ನ ಮಾಡ್ಕೊಂಡು ಬರ್ತೀನಿ ಅಂದೆ. ಅವತ್ತು ಆಫೀಸ್ ಕೆಲಸದ ಮೇಲೆ ಮೈಸೂರಿಗೆ ಹೋಗ್ಬೇಕು ಅಂದ.

ಮ್ಯಾಚಿನ ದಿನ ಬೆಳಿಗ್ಗೆ ಬಿಟಿಎಂನಿಂದ ಗೆಳತಿಯ ಫೋನ್ ಬಂತು. ನಮ್ಮ ಕಾಲೇಜು ಟೀಮಿನ ಗೋಲ್‌ಕೀಪರ್ ಆಗಿದ್ದವಳು. ಗಂಡನಿಗೆ ಜ್ವರ, ಅವನ ಟಿಕೆಟ್ ಇದೆ, ಬಾ ಅಂದಳು. ಮೆಟ್ರೋ ಹತ್ತುವಾಗಲೂ ಅಣ್ಣನನ್ನು ಬಿಟ್ಟು ಹೋಗುತ್ತಿದ್ದೀನಲ್ಲ ಅಂತ ಮನಸ್ಸಿಗೆ ಚುಚ್ಚುತ್ತಿತ್ತು.

ಟಿವಿಯಲ್ಲಿ ಬೆರಳುದ್ದ ಕಾಣುತ್ತಿದ್ದ ಆಟಗಾರರು ಸ್ಟೇಡಿಯಂನಲ್ಲಿ ಕೂಗಿದರೆ ಕೇಳಿಸುವಷ್ಟು ಹತ್ತಿರ ಓಡಾಡುತ್ತಿದ್ದರು. ಅರ್ಧ ಆಟ ಕಣ್ಣು ಮಿಟುಕಿಸದೆ ನೋಡಿದೆ. ಹಾಫ್‌ಟೈಮ್‌ನಲ್ಲಿ ಗೆಳತಿಯ ಜೊತೆ ನೀರಿನ ಬಾಟಲಿಗೆ ಕ್ಯೂ ನಿಂತಾಗ ಮುಂದೆ ಪರಿಚಯದ ದನಿ ಕೇಳಿಸಿತು. ಅಣ್ಣ. ಸುತ್ತ ಅವನ ಆಫೀಸಿನವರು.

"ಆ ಲೆಫ್ಟ್ ಬ್ಯಾಕ್ ಚೆಂಡು ನೋಡಲ್ಲ ಸಾರ್, ಎದುರಿನವನ ಸೊಂಟ ನೋಡ್ತಾನೆ, ಯಾವ ಕಡೆ ತಿರುಗ್ತಾನೆ ಅಂತ ಅದರಲ್ಲೇ ಗೊತ್ತಾಗತ್ತೆ. ಕಾಲೇಜ್ ಟೀಮಲ್ಲಿ ಆಡೋವಾಗ ನಾನೂ ಹಾಗೇ ಮಾಡ್ತಿದ್ದೆ."

ಅವನು ಕಾಲೇಜಿನಲ್ಲಿ ಚೆಂಡು ಮುಟ್ಟಿದವನೇ ಅಲ್ಲ. ಆ ಸೊಂಟದ ಮಾತು ನನ್ನದು. ಆಡುತ್ತಿದ್ದವಳೂ ನಾನೇ.

"ಅಣ್ಣ," ಅಂದೆ. ತಿರುಗಿದವನ ಮುಖ ಬಿಳಿಚಿಕೊಂಡಿತು. ಪಕ್ಕದವರು ಯಾರು ಅಂತ ಕೇಳಿದರು.

"ನನ್ನ ತಂಗಿ. ನನ್ನ ನೋಡಿ ನೋಡಿ ಇವಳಿಗೂ ಫುಟ್‌ಬಾಲ್ ಹುಚ್ಚು."

ಗೆಳತಿ ಏನೋ ಹೇಳಲು ಬಾಯಿ ತೆರೆದಳು. ಅವಳ ಕೈ ಹಿಡಿದು ತಡೆದೆ.

"ಮೈಸೂರಿಂದ ಯಾವಾಗ ಬಂದೆ?" ಅಂತಷ್ಟೇ ಕೇಳಿದೆ. ಅವನು ಕ್ಯೂ ಬಿಟ್ಟು ಆಫೀಸಿನವರನ್ನು ಕರೆದುಕೊಂಡು ಸೀಟಿನ ಕಡೆ ಹೊರಟ. ಉಳಿದರ್ಧ ಆಟದಲ್ಲಿ ಯಾರು ಗೋಲು ಹೊಡೆದರೋ ನೆನಪಿಲ್ಲ.

ಆ ವಾರವೇ ಮನೆಗೆ ಬಂದ. ಕಾಲೇಜು ಟೀಮಿನಲ್ಲಿ ಆಡುತ್ತಿದ್ದೆ ಅಂತ ಆಫೀಸಿನವರ ಮುಂದೆ ಯಾವತ್ತೋ ಹೇಳಿಬಿಟ್ಟಿದ್ದನಂತೆ, ಎಲ್ಲರೂ ನಂಬಿಕೊಂಡಿದ್ದರಂತೆ, ನಾನು ಜೊತೆಗಿದ್ದರೆ ಮಾತಿಗೆ ಮಾತು ಬಂದು ಗೊತ್ತಾಗಿಬಿಡುತ್ತಿತ್ತಂತೆ.

"ಒಂದು ಮಾತು ಹೇಳಿದ್ರೆ ನಾನು ಸುಮ್ಮನೆ ಪಕ್ಕದಲ್ಲಿ ಕೂತಿರ್ತಿದ್ದೆ," ಅಂದೆ. ನಿಜವಾಗಿಯೂ ಕೂತಿರುತ್ತಿದ್ದೆ. ಅದು ಅವನಿಗೂ ಗೊತ್ತಿತ್ತು. ತಲೆ ತಗ್ಗಿಸಿ ಕಾಫಿ ಕುಡಿದು ಹೋದ.

ಈಗ ಮ್ಯಾಚ್ ಇದ್ದರೆ ಬನಶಂಕರಿಯಲ್ಲೇ ಒಬ್ಬಳೇ ನೋಡುತ್ತೇನೆ. ಗೋಲಾದ ತಕ್ಷಣ ಅವನ ಮೆಸೇಜ್ ಬರುತ್ತದೆ. ಗೋಲಿನ ಮಾತೆತ್ತದೆ, ಅಮ್ಮ ಬಿಪಿ ಮಾತ್ರೆ ತಗೊಂಡ್ರಾ ಅಂತಷ್ಟೇ ಕೇಳಿ ಫೋನ್ ಪಕ್ಕಕ್ಕಿಡುತ್ತೇನೆ.