ಲಾಡಿ ಎಲ್ಲಿ ಕಟ್ಟಬೇಕು

ಕರುಳಿನ ಗಡ್ಡೆ ತೆಗೆದ ಮೇಲೆ ಡಾಕ್ಟರು ನನ್ನ ಹೊಟ್ಟೆಯ ಎಡಗಡೆ, ಹೊಕ್ಕುಳಿಗಿಂತ ತುಸು ಕೆಳಗೆ, ಹೊಸದೊಂದು ದಾರಿ ಮಾಡಿದರು. ಇನ್ನು ಮುಂದೆ ಮಲ ಅಲ್ಲಿಂದಲೇ ಹೊರಬಂದು ಚರ್ಮಕ್ಕೆ ಅಂಟಿಸಿದ ಚೀಲದಲ್ಲಿ ಸೇರಬೇಕು. ಜೀವನಪೂರ್ತಿ ಹೀಗೆಯೇ. ಆಸ್ಪತ್ರೆಯಿಂದ ಬಿಡುವಾಗ ಕೈಗೊಂದು ಕರಪತ್ರ ಕೊಟ್ಟರು. ಒಂದು ಬದಿ ಇಂಗ್ಲಿಷು, ಇನ್ನೊಂದು ಬದಿ ತೆಲುಗು. ಮದುವೆಯಾಗಿ ಹೈದರಾಬಾದಿಗೆ ಬಂದ ನಾನು ತೆಲುಗು ಮಾತಾಡಲು ಕಲಿತಿದ್ದೆ, ಓದಲು ಕಲಿತಿರಲಿಲ್ಲ. ಯಜಮಾನರು ಇಂಗ್ಲಿಷ್ ಓದಿ ಹೇಳಿದರು. ಚಿತ್ರದಲ್ಲಿ ಕುತ್ತಿಗೆಯಿಂದ ತೊಡೆಯವರೆಗೆ ಬರಿಮೈಯ ಒಬ್ಬ ಗಂಡಸು, ಮೈಸುತ್ತ ಬಾಣದ ಗುರುತು. ನಾನು ಅದನ್ನು ಹಾಸಿಗೆಯ ಕೆಳಗೆ ತಳ್ಳಿಬಿಟ್ಟೆ.

ಹಿಮಾಯತ್‌ನಗರದಲ್ಲಿ ನಮ್ಮ ಬಟ್ಟೆ ಅಂಗಡಿಯ ಮೇಲೆಯೇ ನಮ್ಮ ಮನೆ. ದಿನವಿಡೀ ನೈಟಿ ಹಾಕಿಕೊಂಡು ಕೋಣೆಯೊಳಗೇ ಇರುತ್ತಿದ್ದೆ. ಅಡುಗೆಮನೆಗೆ ಕಾಲಿಡಲಿಲ್ಲ, ದೇವರಿಗೆ ದೀಪ ಹಚ್ಚಲಿಲ್ಲ. ಉಂಡರೆ ತಾನೇ ಚೀಲ ತುಂಬುವುದು ಎಂದು ಊಟ ಕಡಿಮೆ ಮಾಡಿದೆ. ಚೀಲ ಬದಲಿಸುವಾಗ ಯಜಮಾನರು ನೆರವಾಗುತ್ತಿದ್ದರು. ಆಗೆಲ್ಲ ನಾನು ಗೋಡೆ ನೋಡುತ್ತಿದ್ದೆ.

ಮತ್ತೆ ತೋರಿಸಿಕೊಳ್ಳಲು ಹೋದಾಗ, ಚೀಲದ ಆರೈಕೆ ಹೇಳಿಕೊಡುವ ನರ್ಸ್ ನನ್ನ ತೂಕ ನೋಡಿದರು. ಅವರು ರಾಯಚೂರಿನ ಕಡೆಯವರು. ಯಜಮಾನರನ್ನು ಹೊರಗೆ ಕೂರಿಸಿ, ತಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

“ಊಟ ಯಾಕ ಬಿಟ್ಟೀರಿ ಅಕ್ಕಾರ? ನಾವು ಕೊಟ್ಟ ಕಾಗದದಾಗ ಎಲ್ಲಾ ಬರದೈತಲ್ಲ.”

“ನನಗ ಬೇಕಾಗಿದ್ದು ಅದರಾಗ ಇಲ್ರಿ ಸಿಸ್ಟರ್.”

“ನಿಮಗ ಬೇಕಾಗಿದ್ದು ಏನ್ರಿ?”

ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. “ಸೀರಿ ಹೆಂಗ ಉಡಬೇಕ್ರಿ? ಲಾಡಿ ಬರೋಬ್ಬರಿ ಚೀಲದ ಮ್ಯಾಲೇ ಬರತೈತಿ,” ಎನ್ನುವಷ್ಟರಲ್ಲಿ ಅಳು ಬಂತು.

ಅವರು ಎದ್ದು ಬಾಗಿಲ ಚಿಲಕ ಹಾಕಿದರು. ಬ್ಯಾಂಡೇಜಿನ ಪಟ್ಟಿಯೊಂದನ್ನು ಲಾಡಿಯಂತೆ ನನ್ನ ನಡುವಿಗೆ ಕಟ್ಟಿ, ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿದರು. ಚೀಲದ ಕೆಳಗೆ ಕಟ್ಟಿದರೆ ಒತ್ತುತ್ತಿತ್ತು. ಚೀಲಕ್ಕೆ ತಾಗದಂತೆ ಹೊಕ್ಕುಳಿಗಿಂತ ಮೇಲೆ, ತುಸು ಸಡಿಲವಾಗಿ ಕಟ್ಟಿದಾಗ ಹಿತವೆನಿಸಿತು. ಧೈರ್ಯ ಬಂದು, ದೇವರಿಗೆ ದೀಪ ಹಚ್ಚಬಹುದೇ ಎಂದೂ ಕೇಳಿದೆ.

“ಎಲ್ಲಾರ ಹೊಟ್ಟ್ಯಾಗೂ ಅದೇ ಇರತೈತ್ರಿ. ನಿಮ್ಮದು ಚೀಲದಾಗ ಐತಿ, ಅಷ್ಟ,” ಎಂದರು. ಆಪರೇಷನ್ ಆದ ಮೇಲೆ ನಾನು ನಕ್ಕಿದ್ದು ಅದೇ ಮೊದಲು.

ಹೊರಡುವಾಗ ಅವರೇ ಹೇಳಿದರು: “ಬೀದರ, ಕಲಬುರಗಿ ಕಡಿಯಿಂದ ಭಾಳ ಮಂದಿ ಬರತಾರ. ಕನ್ನಡದಾಗ ಒಂದು ಕಾಗದ ಮಾಡಾಕ ಡಾಕ್ಟರು ಒಪ್ಯಾರ. ನೀವೂ ನನ್ನ ಜೋಡಿ ಕೂಡ್ರಿ.”

ಹೀಗೆ ಶನಿವಾರ ಮಧ್ಯಾಹ್ನಗಳಲ್ಲಿ ಆಸ್ಪತ್ರೆಗೆ ಹೋಗತೊಡಗಿದೆ, ಸೀರೆ ಉಟ್ಟುಕೊಂಡೇ. ಮೊದಮೊದಲು ನಾನು ಶಾಲೆಯ ಪುಸ್ತಕದಂತೆ ಬರೆಯುತ್ತಿದ್ದೆ. “ಮನ್ಯಾಗ ಹಿಂಗ ಮಾತಾಡತೀರೇನ್ರಿ?” ಎಂದು ಅವರು ಗೆರೆ ಎಳೆಯುವರು. ‘ಮಲವಿಸರ್ಜನೆ’ ಹೋಯಿತು, ‘ಸೇವಿಸತಕ್ಕದ್ದು’ ಹೋಯಿತು. ಕರುಳಿನ ಬಾಯಿ ಕೆಂಪಗೆ, ಒದ್ದೆಯಾಗಿದ್ದರೆ ಹೆದರಬೇಡಿ, ಕಪ್ಪಾದರೆ ಕೂಡಲೇ ಆಸ್ಪತ್ರೆಗೆ ಬನ್ನಿ ಎಂಬ ಮಾತನ್ನು ಮಾತ್ರ ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಹಾಕಿಸಿದರು.

ಅಚ್ಚಿಗೆ ಕೊಡುವ ಮೊದಲು ಆ ಕಾಗದವನ್ನು ಯಾದಗಿರಿ ಕಡೆಯ ದಂಪತಿಗೆ ಓದಲು ಕೊಟ್ಟರು. ಇಬ್ಬರೂ ಗಚ್ಚಿಬೌಲಿಯಲ್ಲಿ ಕಟ್ಟಡದ ಕೆಲಸದವರು. ಆಪರೇಷನ್ ಆಗಿದ್ದು ಹೆಂಡತಿಗೆ. ಗಂಡ ನಿಧಾನವಾಗಿ ಓದಿದ: ‘ಚೀಲ ಮೂರನೇ ಒಂದು ಭಾಗ ತುಂಬಿದಾಗ ಖಾಲಿ ಮಾಡಿ.’

“ಏನ್ ತಿಳೀತ್ರಿ?” ಎಂದು ನರ್ಸ್ ಆಕೆಯನ್ನು ಕೇಳಿದರು.

“ದಿನಾ ಮೂರು ಸಲ ಖಾಲಿ ಮಾಡಬೇಕ್ರಿ.”

ನರ್ಸ್ ಆಕೆಯನ್ನು ತಿದ್ದಲು ಹೋಗಲಿಲ್ಲ. ನನ್ನತ್ತ ತಿರುಗಿ, “ನಾವು ಬರದಿದ್ದು ಸರಿ ಇಲ್ರಿ, ಬದಲಿ ಮಾಡೂಣು,” ಎಂದರು. ಆ ಸಾಲಿನ ಜಾಗದಲ್ಲಿ ‘ಅರ್ಧ ತುಂಬುವವರೆಗೆ ಕಾಯಬೇಡಿ’ ಎಂದು ಬರೆದು, ಪಕ್ಕದಲ್ಲಿ ಚೀಲದ ಚಿತ್ರದ ಮೇಲೆ ಅರ್ಧಕ್ಕಿಂತ ಕೆಳಗೆ ಒಂದು ಗೆರೆ ಎಳೆದೆವು.

ಸೀರೆಯ ಚಿತ್ರಕ್ಕೆ ನಾನೇ ನಿಂತೆ. ಹಸಿರು ಇಳಕಲ್ ಸೀರೆ ಉಟ್ಟು, ಸೆರಗು ಸರಿಸಿ, ಲಾಡಿ ಮತ್ತು ಚೀಲ ಕಾಣುವಂತೆ ನಿಂತಾಗ ಯಜಮಾನರು ಮೊಬೈಲಿನಲ್ಲಿ ಫೋಟೋ ತೆಗೆದರು. ಪ್ರೆಸ್ಸಿನವರು ಅದನ್ನು ನೋಡಿ ರೇಖಾಚಿತ್ರ ಬರೆಯುವವರಿದ್ದರು. ಮುಖ ಬೇಡವಾದರೆ ಕೈಬಿಡೋಣ ಎಂದು ನರ್ಸ್ ಹೇಳಿದ್ದರು.

“ಅಂಗಡಿಗೆ ಬರೋರು ಯಾರರ ಗುರುತು ಹಿಡಿದರ?” ಎಂದು ಯಜಮಾನರು ಕೇಳಿದರು.

“ಹಿಡೀಲಿ ಬಿಡ್ರಿ.”

ಅವರು ಫೋಟೋವನ್ನು ಹಾಗೆಯೇ ಪ್ರೆಸ್ಸಿಗೆ ಕಳಿಸಿದರು. ನಾನು ಕೋಣೆಯೊಳಗೆ ಕುಳಿತಿದ್ದ ದಿನಗಳಲ್ಲಿ ಒಮ್ಮೆಯೂ ಮುಖ ಸಿಂಡರಿಸದೆ ನನ್ನ ಚೀಲ ತೊಳೆದ ಮನುಷ್ಯ. ಅವರಿಗೂ ಈ ಕಾಗದದಲ್ಲಿ ಪಾಲಿದೆ.

ಅಚ್ಚಾಗಿ ಬಂದ ದಿನ ಯಾದಗಿರಿಯ ಆಕೆ ಚಿತ್ರ ನೋಡಿ, ನನ್ನ ಮುಖ ನೋಡಿದಳು. “ಇದು ನೀವ ಏನ್ರಿ ಯಕ್ಕಾ? ನನಗೂ ಹಿಂಗ ಉಡಿಸ್ರಿ.” ಪರದೆಯ ಹಿಂದೆ ಆಕೆಗೆ ಲಾಡಿ ಕಟ್ಟಿ ನೆರಿಗೆ ಹಿಡಿದುಕೊಟ್ಟೆ.

ಈಗ ನರ್ಸ್ ಮಾದಾಪುರದ ಬೇರೆ ಆಸ್ಪತ್ರೆಯಲ್ಲಿದ್ದಾರೆ. ಆದರೂ ನನ್ನೊಪ್ಪಿಗೆ ಪಡೆದು, ಹೊಸ ರೋಗಿಗಳಿಗೆ ನನ್ನ ನಂಬರ್ ಕೊಡುತ್ತಾರೆ. ಮೊನ್ನೆ ಬೀದರಿನ ಹೆಂಗಸೊಬ್ಬಳು ಫೋನ್ ಮಾಡಿ, ಬಸ್ಸಿನಲ್ಲಿ ದೂರ ಹೋಗುವಾಗ ಏನು ಮಾಡುವುದೆಂದು ಕೇಳಿದಳು. ಹೊರಡುವ ಮುಂಚೆ ಖಾಲಿ ಮಾಡುವುದು, ಇನ್ನೊಂದು ಚೀಲ ಕೈಯಲ್ಲೇ ಇಟ್ಟುಕೊಳ್ಳುವುದು, ಬಸ್ಸಿನ ಡಿಕ್ಕಿಗೆ ಹಾಕುವ ಸಾಮಾನಿನಲ್ಲಿ ಇಡದಿರುವುದು, ನಾನು ಮಾಡುವುದನ್ನೆಲ್ಲ ಹೇಳಿದೆ. ಆಮೇಲೆ ನರ್ಸ್‌ಗೆ ಫೋನ್ ಮಾಡಿ, ಬಸ್ಸಿನ ವಿಷಯ ನಾವು ಬರೆದೇ ಇಲ್ಲವಲ್ಲ ಎಂದೆ.

“ಹೌದಲ್ರಿ,” ಎಂದು ನಕ್ಕರು. “ಶನಿವಾರ ಬರ್ರಿ, ಕೂಡೂಣು.”